ಉರುಟು ಕಲ್ಲೆಲ್ಲ ಮೊಟ್ಟೆಯಲ್ಲ

ಉಡುಪಿಯಿಂದ ಕುಂದಾಪುರದ ಕಡೆಗೆ ಹೊರಟರೆ ಬ್ರಹ್ಮಾವರ ದಾಟಿದ ಮೇಲೆ, ಕೋಟ ಬರುವ ಮೊದಲು, ಸಾಲಿಗ್ರಾಮ ಸಿಗುತ್ತದೆ. ಗುರುನರಸಿಂಹ ದೇವಸ್ಥಾನದಿಂದ ಹೆಸರಾದ ಊರು. ಇಲ್ಲಿಯ ದೇವರ ಮೂರ್ತಿ ಸಾಲಿಗ್ರಾಮ ಶಿಲೆಯದೆಂದೂ ಊರಿನ ಹೆಸರಿಗೆ ಅದೇ ಮೂಲವೆಂದೂ ಭಕ್ತರು ಹೇಳುತ್ತಾರೆ. ಕೋಟದಲ್ಲಿ ಹುಟ್ಟಿ, ಬಾಳಿನ ಕೊನೆಯ ದಶಕಗಳನ್ನು ಈ ಸಾಲಿಗ್ರಾಮದಲ್ಲಿ ಕಳೆದವರು ಡಾ. ಶಿವರಾಮ ಕಾರಂತರು (1902–1997). ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನು ಕನ್ನಡಿಗರ ಕೈಗೆ ಕೊಟ್ಟ ಅವರ ಊರಿನ ಹೆಸರೇ ಒಂದು ಪಳೆಯುಳಿಕೆಯ ಹೆಸರು ಎಂಬುದನ್ನು ನೀವು ಎಂದಾದರೂ ಯೋಚಿಸಿದ್ದೀರಾ?

ದೇವರ ಪೆಟ್ಟಿಗೆಯಲ್ಲಿ, ಸಂಪುಟದಲ್ಲಿ ಇಟ್ಟು ಪೂಜಿಸುವ ಚಕ್ರವುಳ್ಳ ಸಾಲಿಗ್ರಾಮ ಬರುವುದು ನೇಪಾಳದ ಗಂಡಕೀ ನದಿಯಿಂದ. ಮುಕ್ತಿನಾಥದ ಸುತ್ತಿನ ಕಪ್ಪು ಜೇಡಿಪದರಗಳಿಂದ ಬಿಡಿಸಿಕೊಂಡ ಈ ಉಂಡೆಗಳನ್ನು ಹೊಳೆ ಉರುಳಿಸಿಕೊಂಡು ಬರುತ್ತದೆ. ಅದರ ಒಳಗೆ ಕಾಣುವ ಸುರುಳಿ ಒಂದು ಕಡಲಜೀವಿಯ ಚಿಪ್ಪಿನ ಗುರುತು. ಆ ಜೀವಿಗೆ ವಿಜ್ಞಾನಿಗಳು ಇಟ್ಟ ಹೆಸರು ಅಮ್ಮೋನೈಟ್. ಇಂದಿನ ಕಪ್ಪೆಬೊಂಡಾಸದ ದೂರದ ನೆಂಟ. ಹಿಮಾಲಯ ಏಳುವ ಮೊದಲು ಅಲ್ಲಿ ಟೆಥಿಸ್ ಎಂಬ ಸಮುದ್ರವಿತ್ತು. ಸುಮಾರು 15 ಕೋಟಿ ವರ್ಷಗಳ ಹಿಂದೆ ಆ ಸಮುದ್ರದ ತಳದ ಕೆಸರಿನಲ್ಲಿ ಹೂತುಹೋದ ಚಿಪ್ಪುಗಳು ಈಗ ಬೆಟ್ಟದ ಮೇಲಿವೆ. ಫ್ರೆಂಚ್ ಪ್ರವಾಸಿ ಪಿಯೆರ್ ಸೊನ್ನೆರಾ 1782ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿಯೇ ಸಾಲಿಗ್ರಾಮವು ಕಲ್ಲಾದ ಚಿಪ್ಪು ಎಂದು ಗುರುತಿಸಿದ್ದನು.

ಅಮ್ಮೋನೈಟುಗಳು ನೀರಿನಲ್ಲಿ ಬಾಳುತ್ತಿದ್ದ ಕಾಲದಲ್ಲಿ ನೆಲದ ಮೇಲೆ ಡೈನೋಸಾರುಗಳು ನಡೆಯುತ್ತಿದ್ದವು. ಎರಡೂ ಅಳಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಒಂದೇ ಮಹಾವಿನಾಶದಲ್ಲಿ. ಎರಡೂ ನಮಗೆ ಉರುಟು ಕಲ್ಲುಗಳನ್ನು ಬಿಟ್ಟುಹೋಗಿವೆ. ಒಂದು ಸಾಲಿಗ್ರಾಮ, ಇನ್ನೊಂದು ಕಲ್ಲಾದ ಮೊಟ್ಟೆ. ಇವುಗಳ ಜೊತೆಗೆ ಪ್ರಕೃತಿ ತಾನೇ ಉರುಟಾಗಿಸಿದ ಲಕ್ಷಾಂತರ ಸಾಮಾನ್ಯ ಕಲ್ಲುಗಳೂ, ಮನುಷ್ಯ ಕಾಸಿನ ಆಸೆಗೆ ಮಾಡಿದ ಕಲ್ಲುಗಳೂ ಇವೆ. ಇವುಗಳನ್ನು ಬೇರ್ಪಡಿಸುವ ವಿದ್ಯೆ ಮನುಷ್ಯನಿಗೆ ಹೇಗೆ ಬಂತು ಎಂಬುದೇ ಈ ಬಾರಿಯ ನಮ್ಮ ವಿಷಯ. ತೆರೆಯ ಮೇಲೆ ಚಿತ್ರ ಸರಿದುಹೋಗುತ್ತದೆ. ಕಾಗದದ ಮೇಲೆ ನಿಂತು ನೋಡಬಹುದು.

ಮೊದಲು ಫ್ರಾನ್ಸಿಗೆ ಹೋಗೋಣ. 1859ರಲ್ಲಿ ದಕ್ಷಿಣ ಫ್ರಾನ್ಸಿನ ಪಾದ್ರಿ ಪೂಯೆಶ್ ಎಂಬವರು ಬೆಟ್ಟದ ತಪ್ಪಲಲ್ಲಿ ದಪ್ಪನೆಯ ಚಿಪ್ಪಿನ ಚೂರುಗಳನ್ನು ಕಂಡರು. ಅವು ಮೊಟ್ಟೆಯ ಚಿಪ್ಪು ಎಂದು ಅವರಿಗೆ ಹೊಳೆಯಿತು. ಆದರೆ ಯಾವುದೋ ದೈತ್ಯ ಹಕ್ಕಿಯದಿರಬೇಕು ಎಂದುಕೊಂಡರು. ಹತ್ತು ವರ್ಷಗಳ ಅನಂತರ, 1869ರಲ್ಲಿ, ಮಾಥೆರೋನ್ ಎಂಬ ಭೂವಿಜ್ಞಾನಿ ಪ್ರೊವಾನ್ಸ್ ಪ್ರಾಂತ್ಯದ ದೊಡ್ಡ ಮೊಟ್ಟೆಗಳನ್ನು ವರ್ಣಿಸಿ, ಇವು ಒಂದು ಭಾರೀ ಸರೀಸೃಪದವು ಇರಬಹುದೆಂದರು. ಊಹೆಗಳನ್ನು ಬಿಟ್ಟು ಪರೀಕ್ಷೆಗೆ ಇಳಿದವರು ಪೋಲ್ ಜೆರ್ವೆ. 1877ರಲ್ಲಿ ಅವರು ಚಿಪ್ಪಿನ ಚೂರನ್ನು ಬೆಳಕು ತೂರುವಷ್ಟು ತೆಳ್ಳಗೆ ಉಜ್ಜಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟು, ಹಕ್ಕಿ, ಆಮೆ, ಮೊಸಳೆಗಳ ಮೊಟ್ಟೆಯ ಚಿಪ್ಪಿನೊಡನೆ ಹೋಲಿಸಿದರು. ನಿಜವಾದ ಮೊಟ್ಟೆಯನ್ನು ಗುರುತಿಸುವ ಕೊನೆಯ ಪರೀಕ್ಷೆ ಇಂದಿಗೂ ಇದೇ.

ಜಗತ್ತಿನ ಕಣ್ಣು ಈ ಮೊಟ್ಟೆಗಳ ಮೇಲೆ ಬಿದ್ದದ್ದು 1923ರಲ್ಲಿ. ಅಮೆರಿಕದ ರಾಯ್ ಚಾಪ್ಮನ್ ಆಂಡ್ರೂಸ್ ಅವರ ತಂಡ ಮಂಗೋಲಿಯದ ಗೋಬಿ ಮರುಭೂಮಿಯಲ್ಲಿ ಮೊಟ್ಟೆಗಳಿದ್ದ ಗೂಡುಗಳನ್ನೇ ಕಂಡಿತು. ಒಂದು ಗೂಡಿನ ಮೇಲೆ ಒಂದು ಚಿಕ್ಕ ಡೈನೋಸಾರಿನ ಅಸ್ಥಿಪಂಜರವಿತ್ತು. ಬೇರೊಂದು ಪ್ರಾಣಿಯ ಮೊಟ್ಟೆಯನ್ನು ಕದಿಯಲು ಬಂದು ಸತ್ತದ್ದೆಂದು ತಿಳಿದು ಅದಕ್ಕೆ ‘ಓವಿರಾಪ್ಟರ್’, ಅಂದರೆ ಮೊಟ್ಟೆಗಳ್ಳ, ಎಂದು ಹೆಸರಿಟ್ಟರು. ಆ ಕಳಂಕ ತೊಳೆಯಲು ಎಪ್ಪತ್ತು ವರ್ಷ ಹಿಡಿಯಿತು. 1993ರಲ್ಲಿ ಗೋಬಿಯಲ್ಲೇ ಅದೇ ಬಗೆಯ ಮೊಟ್ಟೆಯೊಳಗೆ ಭ್ರೂಣದ ಮೂಳೆಗಳು ಸಿಕ್ಕವು. ಅವು ಓವಿರಾಪ್ಟರ್ ಕುಲದವೇ ಆಗಿದ್ದವು. ಕಳ್ಳ ಎನಿಸಿಕೊಂಡ ಪ್ರಾಣಿ ತನ್ನ ಗೂಡಿನ ಮೇಲೆಯೇ ಕುಳಿತಿರಬೇಕು! ಮೊಟ್ಟೆ ಗೂಡಿನಲ್ಲೇ, ಮೂಳೆಯ ಕೆಳಗೇ ಇದ್ದುದರಿಂದ ಈ ತಪ್ಪನ್ನು ತಿದ್ದಲು ಸಾಧ್ಯವಾಯಿತು ಎಂಬುದನ್ನು ನೆನಪಿಡಿ.

ಇದೇ ಯಾತ್ರೆ ಇನ್ನೊಂದು ಕೆಲಸವನ್ನೂ ಮಾಡಿತು. ಮುಂದಿನ ಯಾತ್ರೆಗೆ ಹಣ ಕೂಡಿಸಲೆಂದು ಒಂದು ಮೊಟ್ಟೆಯನ್ನು ಹರಾಜಿಗೆ ಇಟ್ಟರು. ಅದು 5,000 ಡಾಲರಿಗೆ ಹೋಯಿತು. ಕಲ್ಲಾದ ಮೊಟ್ಟೆಗೆ ಬೆಲೆಯಿದೆ ಎಂಬ ಸುದ್ದಿ ಊರೂರಿಗೆ ಹಬ್ಬಿತು. ಬೆಲೆ ಬಂದಲ್ಲಿ ನಕಲಿಯೂ ಬರುತ್ತದೆ.

ಈಗ ನಮ್ಮ ದೇಶಕ್ಕೆ ಬರೋಣ. 1828ರಲ್ಲಿಯೇ ಜಬಲ್ಪುರದ ಬಳಿ ಸ್ಲೀಮನ್ ಎಂಬ ಇಂಗ್ಲಿಷ್ ಅಧಿಕಾರಿಗೆ ಡೈನೋಸಾರಿನ ಮೂಳೆಗಳು ಸಿಕ್ಕಿದ್ದವು. ಮೊಟ್ಟೆಗಳಿಗಾಗಿ ಮಾತ್ರ ಒಂದೂವರೆ ಶತಮಾನ ಕಾಯಬೇಕಾಯಿತು. 1980ರ ದಶಕದ ಆರಂಭದಲ್ಲಿ ಗುಜರಾತಿನ ಬಾಲಾಸಿನೋರ್ ಬಳಿ ಧನಂಜಯ ಮೊಹಬೆ ಅವರೂ, ಜಬಲ್ಪುರದಲ್ಲಿ ಅಶೋಕ್ ಸಾಹನಿ ಅವರೂ ಮೊಟ್ಟೆಗಳನ್ನು ಬೆಳಕಿಗೆ ತಂದರು. ಗುಜರಾತಿನ ಒಂದು ಗೂಡಿನಲ್ಲಿ ಮೊಟ್ಟೆಗಳ ಜೊತೆ ಸಿಕ್ಕ ಮೂಳೆಗಳೆಲ್ಲ ಡೈನೋಸಾರ್ ಮರಿಯವೆಂದು ಮೊದಲು ತಿಳಿದಿದ್ದರು. ಆ ಕಲ್ಲನ್ನು ಮತ್ತೆ ಮತ್ತೆ ನೋಡಿದಾಗ ಅದರಲ್ಲಿ ಸುಮಾರು ಮೂರೂವರೆ ಮೀಟರ್ ಉದ್ದದ ಒಂದು ಹಾವು ಕಂಡಿತು! ಆಗತಾನೆ ಹೊರಬಂದ ಮರಿಯ ಪಕ್ಕದಲ್ಲಿ ಮೊಟ್ಟೆಗೆ ಸುತ್ತಿಕೊಂಡಿದ್ದ ಹಾವು. 2010ರಲ್ಲಿ ಪ್ರಕಟವಾದ ಆ ವರದಿಯಲ್ಲಿ ಹಾವಿಗೆ ‘ಸನಾಜೆ ಇಂಡಿಕಸ್’ ಎಂದು ಹೆಸರಾಯಿತು. 2023ರ ಜನವರಿಯಲ್ಲಿ ಮಧ್ಯಪ್ರದೇಶದ ಧಾರ್ ಜಿಲ್ಲೆಯಿಂದ 92 ಗೂಡುಗಳೂ 256 ಮೊಟ್ಟೆಗಳೂ ವರದಿಯಾದವು. ಇವು ಉದ್ದ ಕತ್ತಿನ, ಸಸ್ಯಾಹಾರಿ ಟೈಟನೋಸಾರುಗಳವು.

“ಗುಜರಾತಿನಲ್ಲಿ ಸಿಕ್ಕಿದ್ದು ನಮ್ಮ ಸಾಲಿಗ್ರಾಮದಲ್ಲಿ ಏಕೆ ಸಿಗಬಾರದು? ಬಾವಿ ತೋಡುವಾಗ ನಮಗೂ ಉರುಟು ಕಲ್ಲು ಸಿಗುತ್ತದಲ್ಲ?” ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಉತ್ತರ ನಮ್ಮ ಕಾಲಬುಡದಲ್ಲೇ ಇದೆ. ಕರಾವಳಿಯ ಅಡಿಗಲ್ಲು ಬಹುಮಟ್ಟಿಗೆ 250 ಕೋಟಿ ವರ್ಷಗಳಿಗೂ ಹಳೆಯದು. ಆಗ ಭೂಮಿಯ ಮೇಲೆ ಮೊಟ್ಟೆಯಿಡುವ ಪ್ರಾಣಿಯೇ ಇರಲಿಲ್ಲ. ಅದರ ಮೇಲಿರುವ ಮುರಕಲ್ಲು ಆ ಹಳೆಯ ಕಲ್ಲು ಮಳೆ, ಬಿಸಿಲಿಗೆ ಕೊಳೆತು ಆದದ್ದು. 1801ರಲ್ಲಿ ಕನ್ನಡ ಜಿಲ್ಲೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ 1807ರ ತನ್ನ ಗ್ರಂಥದಲ್ಲಿ ಈ ಕಲ್ಲಿಗೆ ‘ಲ್ಯಾಟರೈಟ್’ ಎಂದು ಹೆಸರಿಟ್ಟನು. ಲ್ಯಾಟಿನ್ ಭಾಷೆಯಲ್ಲಿ ‘ಲೇಟರ್’ ಎಂದರೆ ಇಟ್ಟಿಗೆ. ಮಲ್ಪೆಯ ಎದುರಿನ ಸೈಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳಿಗೆ ಮಾತ್ರ ಡೈನೋಸಾರುಗಳ ಕಾಲದ ವಯಸ್ಸು, ಅಂದರೆ ಸುಮಾರು 8.8 ಕೋಟಿ ವರ್ಷ. ಆದರೆ ಅವು ಕುದಿಯುವ ಲಾವಾರಸ ಆರಿ ಆದ ಕಲ್ಲುಗಳು. ಕುದಿಯುವ ರಸದಲ್ಲಿ ಯಾವ ಗೂಡು ಉಳಿದೀತು?

ಆದ್ದರಿಂದ ಮೊದಲ ಪರೀಕ್ಷೆಗೆ ಯಾವ ಯಂತ್ರವೂ ಬೇಡ. ಕಲ್ಲಿನ ಆಕಾರ ನೋಡುವ ಮೊದಲು ಅದರ ಊರು ಕೇಳಬೇಕು. ಡೈನೋಸಾರಿನ ಮೊಟ್ಟೆ ಸಿಗಬೇಕಾದರೆ ಆ ಪದರ ಡೈನೋಸಾರುಗಳ ಕಾಲದ್ದಾಗಿರಬೇಕು. ನೆಲದ ಮೇಲಿನ ಮಣ್ಣು, ಮರಳು, ಸುಣ್ಣದ ಕೆಸರು ಗಟ್ಟಿಯಾಗಿ ಆದದ್ದಾಗಿರಬೇಕು. ನರ್ಮದಾ ಕಣಿವೆಯ ಲಮೇಟಾ ಪದರಗಳು ಅಂಥವು.

ಎರಡನೆಯದು ಸಂಗಡ. ಗೂಡುಗಳಲ್ಲಿ ಮೊಟ್ಟೆಗಳು ಗುಂಪಾಗಿರುವುದು ಸಾಮಾನ್ಯ. ಸುತ್ತ ಚಿಪ್ಪಿನ ಚೂರುಗಳು ಚೆಲ್ಲಿರುತ್ತವೆ. ಹೊಳೆಯ ದಂಡೆಯಲ್ಲಿ ಒಂಟಿಯಾಗಿ ಸಿಕ್ಕ ನುಣುಪಾದ ಕಲ್ಲು ನೀರು ಉರುಳಿಸಿದ್ದು ಎಂದೇ ತಿಳಿಯುವುದು ಕ್ಷೇಮ.

ಮೂರನೆಯದು ಗಾತ್ರ. ನಮ್ಮ ದೇಶದ ಟೈಟನೋಸಾರ್ ಮೊಟ್ಟೆಗಳು ಸಾಮಾನ್ಯವಾಗಿ 15ರಿಂದ 20 ಸೆಂಟಿಮೀಟರ್ ಅಡ್ಡಳತೆಯವು; ಒಂದು ಸಣ್ಣ ತೆಂಗಿನಕಾಯಿಯಷ್ಟು. ಚೀನಾದಲ್ಲಿ ಸಿಕ್ಕ ಅತಿ ಉದ್ದದ ಮೊಟ್ಟೆಗಳೇ ಸುಮಾರು 60 ಸೆಂಟಿಮೀಟರ್. ಮೊಟ್ಟೆ ಬಹಳ ದೊಡ್ಡದಾದರೆ ಚಿಪ್ಪು ಬಹಳ ದಪ್ಪವಾಗಬೇಕು. ಆಗ ಒಳಗಿನ ಮರಿಗೆ ಗಾಳಿ ಸಾಲದು. ಒಬ್ಬರು ತಬ್ಬಿ ಹಿಡಿಯುವಷ್ಟು ದೊಡ್ಡ ಗುಂಡುಕಲ್ಲು ಮೊಟ್ಟೆಯಾಗಲಾರದು.

ನಾಲ್ಕನೆಯದು ಒಡಲು. ನಿಜವಾದ ಮೊಟ್ಟೆಯ ಒಡೆದ ಅಂಚಿನಲ್ಲಿ ಎರಡು ಬೇರೆ ಬೇರೆ ವಸ್ತುಗಳು ಕಾಣುತ್ತವೆ. ಹೊರಗೆ ಕೆಲವೇ ಮಿಲಿಮೀಟರ್ ದಪ್ಪದ, ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ಸಮನಾದ ಚಿಪ್ಪು. ಒಳಗೆ ತುಂಬಿಕೊಂಡ ಮಣ್ಣು ಅಥವಾ ಸ್ಫಟಿಕ. ಟೈಟನೋಸಾರ್ ಚಿಪ್ಪಿನ ಮೈ ನುಣುಪಾಗಿರದೆ ಸಣ್ಣ ಸಣ್ಣ ಗುಬುಟುಗಳಿಂದ ತುಂಬಿರುತ್ತದೆ. ಈರುಳ್ಳಿಯಂತೆ ಪದರದ ಮೇಲೆ ಪದರ ಕಂಡರೆ ಅದು ಬಿಸಿಲು, ಮಳೆಗೆ ಸುಲಿದ ಬಂಡೆಯ ತಿರುಳು, ಇಲ್ಲವೇ ಯಾವುದೋ ಕಣದ ಸುತ್ತ ಖನಿಜ ಕೂಡಿಕೊಂಡು ಬೆಳೆದ ಕಲ್ಲುಂಡೆ. ಆಮ್ಲದ ಹನಿ ಬಿಟ್ಟರೆ ನೊರೆ ಬರುವುದನ್ನು ಮಾತ್ರ ನಂಬಬೇಡಿ. ಮೊಟ್ಟೆಯ ಚಿಪ್ಪು, ಬಸವನಹುಳುವಿನ ಚಿಪ್ಪು, ಸುಣ್ಣಕಲ್ಲು ಎಲ್ಲವೂ ನೊರೆ ಬಿಡುತ್ತವೆ.

ಇಷ್ಟೆಲ್ಲ ದಾಟಿದ ಕಲ್ಲು ಸೂಕ್ಷ್ಮದರ್ಶಕದ ಮುಂದೆ ನಿಲ್ಲಬೇಕು. ಚಿಪ್ಪಿನಲ್ಲಿ ಹರಳಿನ ಕಂಬಗಳು ಬೀಸಣಿಗೆಯಂತೆ ಬಿಚ್ಚಿಕೊಂಡು ಸಾಲಾಗಿ ನಿಂತಿರುತ್ತವೆ. ನಡುನಡುವೆ ಮರಿ ಉಸಿರಾಡಿದ ಸೂಕ್ಷ್ಮರಂಧ್ರಗಳು. ಇದನ್ನು ಯಾವ ಶಿಲ್ಪಿಯ ಉಳಿಯೂ ಕೊರೆಯಲಾರದು.

ಸಾಮಾನ್ಯ ಕಲ್ಲು ಹೇಗೆ ಕಣ್ಣು ಕಟ್ಟುತ್ತದೆ ಎನ್ನಲು ಒಂದು ಹತ್ತಿರದ ಉದಾಹರಣೆಯಿದೆ. 2020ರಲ್ಲಿ ತಮಿಳುನಾಡಿನ ಪೆರಂಬಲೂರು ಜಿಲ್ಲೆಯ ಕುನ್ನಂ ಎಂಬಲ್ಲಿ ಕೆರೆಯ ಹೂಳೆತ್ತುವಾಗ ದೊಡ್ಡ ದೊಡ್ಡ ಗುಂಡುಕಲ್ಲುಗಳು ಹೊರಬಂದವು. ಡೈನೋಸಾರ್ ಮೊಟ್ಟೆ ಎಂಬ ಸುದ್ದಿ ಎಲ್ಲೆಡೆ ಹರಡಿತು. ಪರೀಕ್ಷಿಸಿದ ತಜ್ಞರು, ಅವು ಕಡಲ ತಳದಲ್ಲಿ ಅಮ್ಮೋನೈಟಿನ ಸುತ್ತ ಕೆಸರು ಗಟ್ಟಿಗೊಂಡು ಆದ ಉಂಡೆಗಳು ಎಂದರು. ಜನ ಮೊಟ್ಟೆ ಎಂದುಕೊಂಡದ್ದು ಹೀಗೆ ನಮ್ಮ ಸಾಲಿಗ್ರಾಮದ ಬಂಧುವಾಗಿ ಹೊರಬಿತ್ತು.

ಇನ್ನು ನಕಲಿಗಳು. ಇವುಗಳಲ್ಲಿ ಪೂರ್ತಿ ಸುಳ್ಳನ್ನು ಹಿಡಿಯುವುದು ಸುಲಭ. ಅರ್ಧ ನಿಜವನ್ನು ಹಿಡಿಯುವುದು ಕಷ್ಟ. 1990ರ ದಶಕದಲ್ಲಿ ಚೀನಾದ ಹೆನಾನ್ ಪ್ರಾಂತ್ಯದಲ್ಲಿ ರಾಶಿ ರಾಶಿ ಮೊಟ್ಟೆಗಳು ಸಿಕ್ಕಿ, ಕಳ್ಳದಾರಿಯಲ್ಲಿ ಹೊರದೇಶದ ಪೇಟೆಗೆ ಹೋದವು. ಅವುಗಳ ಹಿಂದೆಯೇ, ನಿಜವಾದ ಚಿಪ್ಪಿನ ಚೂರುಗಳನ್ನು ಮಣ್ಣಿನ ಅಥವಾ ಗಚ್ಚಿನ ಉಂಡೆಯ ಮೇಲೆ ಅಂಟಿಸಿದ ಮೊಟ್ಟೆಗಳೂ ಹೋದವು. ಚೂರು ನಿಜ, ಮೊಟ್ಟೆ ಸುಳ್ಳು. ಇಂಥದರಲ್ಲಿ ಪಕ್ಕಪಕ್ಕದ ಚೂರುಗಳ ಅಂಚು ಒಂದಕ್ಕೊಂದು ಕೂಡುವುದಿಲ್ಲ. ಅಸಿಟೋನಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದರೆ ಅನೇಕ ಬಗೆಯ ಅಂಟು ಕರಗುತ್ತದೆ. ಇಂಗ್ಲೆಂಡಿನ ವಿಟ್ಬಿ ಎಂಬ ಕಡಲೂರಿನಲ್ಲಿ ಹಿಂದೆ ಇದೇ ಕಸುಬು ಬೇರೆ ರೂಪದಲ್ಲಿ ನಡೆಯುತ್ತಿತ್ತು. ಹಾವುಗಳನ್ನು ಒಬ್ಬ ಸಂತಳು ಕಲ್ಲಾಗಿಸಿದಳೆಂದು ಅಲ್ಲಿ ಐತಿಹ್ಯ. ಅಮ್ಮೋನೈಟಿನ ಸುರುಳಿಗೆ ಹಾವಿನ ತಲೆ ಕೆತ್ತಿ ಬಂದವರಿಗೆ ಮಾರುತ್ತಿದ್ದರು.

ಸಾಲಿಗ್ರಾಮದ ಕಥೆಯೂ ಬೇರೆಯಲ್ಲ. ಕರಿಕಲ್ಲಿನಲ್ಲಿ ಚಕ್ರ ಕೆತ್ತಿದ್ದು, ಕಲ್ಲಿನ ಪುಡಿಗೆ ರಾಳ ಕಲಸಿ ಅಚ್ಚಿಗೆ ಹೊಯ್ದದ್ದು ತೀರ್ಥಕ್ಷೇತ್ರಗಳ ಅಂಗಡಿಗಳಲ್ಲಿ ಉಂಟು. ನಿಜವಾದ ಚಿಪ್ಪಿನ ಏಣುಗಳು ಸುರುಳಿಯ ನಡುವಿನಿಂದ ಹೊರಕ್ಕೆ ಕ್ರಮವಾಗಿ ಬೆಳೆಯುತ್ತವೆ. ಒಡೆದ ಎರಡು ಹೋಳುಗಳಲ್ಲಿ ಒಂದರಲ್ಲಿ ಉಬ್ಬಿದ್ದು ಇನ್ನೊಂದರಲ್ಲಿ ತಗ್ಗಾಗಿ ಕೂಡುತ್ತದೆ. ಅಚ್ಚಿನಲ್ಲಿ ಆದದ್ದರ ಅಂಚಿನಲ್ಲಿ ಸಣ್ಣ ಬೆಸುಗೆಗೆರೆ, ಮೈಯಲ್ಲಿ ಗಾಳಿಗುಳ್ಳೆ ಕಾಣಬಹುದು; ಕೈಗೆ ಹಗುರ, ಕಲ್ಲಿನ ತಂಪು ಇಲ್ಲ. ಭಕ್ತಿಗೆ ಪ್ರಮಾಣಪತ್ರ ಬೇಕಿಲ್ಲ, ನಿಜ. ಆದರೆ ಮಾರುವವನ ಮಾತಿಗೆ ಪರೀಕ್ಷೆ ಬೇಕು. ಎರಡನ್ನೂ ಬೆರೆಸಿದಲ್ಲಿಯೇ ಮೋಸಕ್ಕೆ ಬಾಗಿಲು ತೆರೆಯುತ್ತದೆ.

ಈ ಮಾತಿಗೆ ಧಾರ್ ಜಿಲ್ಲೆಯ ಪಾಡ್ಲ್ಯಾ ಗ್ರಾಮವನ್ನು ನೋಡಿ. ಅಲ್ಲಿಯ ಕೃಷಿಕರು ಹೊಲದಲ್ಲಿ ಸಿಕ್ಕ ಗುಂಡುಕಲ್ಲುಗಳನ್ನು ‘ಕಾಕಡ್ ಭೈರವ’ ಎಂದು, ಬೆಳೆ ಮತ್ತು ದನಕರು ಕಾಯುವ ದೇವರೆಂದು ತಲೆಮಾರುಗಳಿಂದ ಪೂಜಿಸುತ್ತಿದ್ದರು. ಗದ್ದೆಯ ಅಂಚಿನಲ್ಲಿ ನಾಗಬನ, ಬೊಬ್ಬರ್ಯನ ಕಲ್ಲು ಕಂಡು ಬೆಳೆದ ನಮಗೆ ಇದು ಅಪರಿಚಿತ ದೃಶ್ಯವೇನಲ್ಲ. ಲಖನೌದ ಬೀರಬಲ್ ಸಾಹನಿ ಸಂಸ್ಥೆಯ ತಜ್ಞರು ಅವು ಟೈಟನೋಸಾರ್ ಮೊಟ್ಟೆಗಳೆಂದು ಗುರುತಿಸಿದ ಸುದ್ದಿ 2023ರ ಡಿಸೆಂಬರಿನಲ್ಲಿ ಬಂತು. ಒಂದು ಮೊಟ್ಟೆಯೊಳಗೆ ಇನ್ನೊಂದು ಮೊಟ್ಟೆಯಿದ್ದ ಅಪೂರ್ವ ಪಳೆಯುಳಿಕೆ 2022ರಲ್ಲಿ ವರದಿಯಾದದ್ದೂ ಇದೇ ಪಾಡ್ಲ್ಯಾದಿಂದ. ಆ ಕಲ್ಲುಗಳನ್ನು ಊರಿನವರು ಪೇಟೆಗೆ ಮಾರಿದ್ದರೆ ಏನಾಗುತ್ತಿತ್ತು? ಯಾರದೋ ಮೇಜಿನ ಮೇಲೆ ಒಂದು ಉರುಟು ಕಲ್ಲು ಕೂರುತ್ತಿತ್ತು, ಅಷ್ಟೆ. ಪೂಜೆ ಅವುಗಳನ್ನು ಅವುಗಳ ಊರಿನಲ್ಲೇ ಉಳಿಸಿತು. ಊರು ಉಳಿದದ್ದರಿಂದ ವಿಜ್ಞಾನಕ್ಕೆ ಉತ್ತರ ಸಿಕ್ಕಿತು.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ನಿಮಗೆ ಗೊತ್ತು. ನಾಳೆ ಎಲ್ಲಿಯಾದರೂ ನಿಮಗೊಂದು ವಿಚಿತ್ರ ಕಲ್ಲು ಕಂಡರೆ ಅದನ್ನು ಒಡೆಯಬೇಡಿ, ತೊಳೆಯಬೇಡಿ, ಕಿತ್ತು ತರಬೇಡಿ. ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಟ್ಟು ಚಿತ್ರ ತೆಗೆಯಿರಿ. ಸ್ಥಳ, ಆಳ, ಸುತ್ತಲಿನ ಮಣ್ಣಿನ ಬಣ್ಣ ಬರೆದುಕೊಳ್ಳಿ. ಮಂಗಳಗಂಗೋತ್ರಿಯ ವಿಶ್ವವಿದ್ಯಾನಿಲಯದ ಭೂವಿಜ್ಞಾನದ ಅಧ್ಯಾಪಕರನ್ನೋ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯನ್ನೋ ಕೇಳಿ. ನೂರರಲ್ಲಿ ತೊಂಬತ್ತೊಂಬತ್ತು ಸಲ ಅದು ಬರೀ ಕಲ್ಲೇ ಆಗಿರುತ್ತದೆ. ಅದರಿಂದ ನಷ್ಟವೇನೂ ಇಲ್ಲ. ಉಳಿದ ಆ ಒಂದು ಸಲ, ಕೋಟ್ಯಂತರ ವರ್ಷ ಕಾದು ಕುಳಿತ ಸಾಕ್ಷಿ ತನ್ನ ವಿಳಾಸ ಕಳೆದುಕೊಳ್ಳದಂತೆ ಕಾಯುವ ಕೆಲಸ ನಿಮ್ಮದು.