ಗುಂಯ್ ಎನ್ನುವ ಪೆಟ್ಟಿಗೆಯ ಪಾಠಾಂತರ

1979ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಅಟಾರಿ ಕಂಪನಿ ‘ಆಸ್ಟೆರಾಯ್ಡ್ಸ್’ ಎಂಬ ನಾಣ್ಯ ಹಾಕಿ ಆಡುವ ಪೆಟ್ಟಿಗೆಯನ್ನು ಹೊರತಂದಿತು. ಅದರ ಹಿಂದಿದ್ದವರು ಲೈಲ್ ರೇನ್ಸ್ ಮತ್ತು ಎಡ್ ಲಾಗ್. ಕಪ್ಪು ಪರದೆಯ ಮೇಲೆ ಬಿಳಿ ಗೆರೆಗಳ ಬಂಡೆಗಳು, ನಡುವೆ ತ್ರಿಕೋನದಂಥ ಪುಟ್ಟ ನೌಕೆ. ಹಿನ್ನೆಲೆಗೆ ರಾಗವಿಲ್ಲ, ಎದೆಬಡಿತದ ಹಾಗೆ ಎರಡೇ ಮಂದ್ರ ಸದ್ದುಗಳು. ಹೊತ್ತು ಕಳೆದಂತೆ ಬಡಿತ ಚುರುಕಾಗುತ್ತದೆ, ಆಡುವವರ ಎದೆಯೂ.

ಈ ಬಡಿತಕ್ಕೆ ಬಲ ಬರುವುದು ನಡುವಿನ ಮೌನದಿಂದ. ಇಂದು ಉಳಿದಿರುವ ಎಷ್ಟೋ ಪೆಟ್ಟಿಗೆಗಳಲ್ಲಿ ಆ ಮೌನವೇ ಇಲ್ಲ. ಅಲ್ಲಿ ಒಂದೇ ಸಮನೆ ಗುಂಯ್ ಎಂಬ ಸದ್ದು.

ಕಾರಣ ಸರಳ. ಅಮೆರಿಕದ ಗೋಡೆಯಿಂದ ಬರುವ ವಿದ್ಯುತ್ತು ಸೆಕೆಂಡಿಗೆ 60 ಸಲ ಹಿಂದೆಮುಂದೆ ತೂಗುತ್ತದೆ. ರೆಕ್ಟಿಫೈಯರ್ ಅದನ್ನು ಒಂದೇ ದಿಕ್ಕಿಗೆ ತಿರುಗಿಸುವಾಗ 120 ಏರಿಳಿತಗಳು ಉಳಿಯುತ್ತವೆ. ಅವುಗಳನ್ನು ಸಮತಟ್ಟು ಮಾಡುವುದು ಪೆಟ್ಟಿಗೆಯ ತಳದಲ್ಲಿ ಕೂತ ದಪ್ಪ ಕೆಪ್ಯಾಸಿಟರ್. ಅಟಾರಿಯದು 25,000 ಮೈಕ್ರೋಫ್ಯಾರಡ್‌ಗೂ ಮೀರಿದ್ದು. ನೀಲಿ ಹೊದಿಕೆಯ ಕಾರಣ ಸಂಗ್ರಾಹಕರ ಬಾಯಲ್ಲಿ ಅದು ‘ಬಿಗ್ ಬ್ಲೂ’. ನಾಲ್ಕು ದಶಕಗಳಲ್ಲಿ ಅದರೊಳಗಿನ ದ್ರವ ಒಣಗುತ್ತದೆ, ಏರಿಳಿತಗಳು ಸ್ಪೀಕರಿಗೆ ನುಸುಳುತ್ತವೆ.

ಹಾಗೆಂದು ತಕ್ಷಣ ಅದನ್ನೇ ದೂರಬೇಕಿಲ್ಲ. ವಾಲ್ಯೂಮ್ ಪೂರ್ತಿ ಇಳಿಸಿ ನೋಡಬೇಕು. ಗುಂಯ್ ಹಾಗೇ ಉಳಿದರೆ ದೋಷ ವಿದ್ಯುತ್ ಪೂರೈಕೆಯಲ್ಲೋ ಆಂಪ್ಲಿಫೈಯರಿನಲ್ಲೋ ಇರುವ ಸಾಧ್ಯತೆ ಹೆಚ್ಚು. ವಾಲ್ಯೂಮಿನ ಜೊತೆ ಅದೂ ಇಳಿದರೆ ಆಟದ ಬೋರ್ಡಿನ ಕಡೆ ಹುಡುಕಬೇಕು. ಕಿಲುಬು ಹಿಡಿದ ಕನೆಕ್ಟರ್, ಸಡಿಲವಾದ ಅರ್ಥಿಂಗ್ ತಂತಿ ಕೂಡ ಇದೇ ಸದ್ದು ಮಾಡಬಲ್ಲವು. (ಪ್ಲಗ್ ಕಿತ್ತ ಮೇಲೂ ಕೆಪ್ಯಾಸಿಟರಿನಲ್ಲಿ ವಿದ್ಯುತ್ತು ಉಳಿದಿರುತ್ತದೆ, ಬರಿಗೈ ಹಾಕುವಂತಿಲ್ಲ.)

ಬದಲಾಯಿಸಿದರೆ ಪೆಟ್ಟಿಗೆಯ ‘ಮೂಲತನ’ ಹೋಗುತ್ತದೆಂದು ಆಕ್ಷೇಪಿಸುವವರಿದ್ದಾರೆ. ನನಗದು ಒಪ್ಪಿಗೆಯಿಲ್ಲ. ತಾಳೆಗರಿಯಲ್ಲಿ ಹುಳು ಕೊರೆದ ತೂತನ್ನು ಕವಿಯ ಪಾಠವೆಂದು ಯಾರೂ ಓದುವುದಿಲ್ಲವಲ್ಲ! 1979ರಲ್ಲಿ ಕಾರ್ಖಾನೆಯಿಂದ ಹೊರಟ ಪೆಟ್ಟಿಗೆ ಹೀಗೆ ಗೊಣಗುತ್ತಿರಲಿಲ್ಲ. ತೆಗೆದ ಭಾಗಕ್ಕೆ ಚೀಟಿ ಅಂಟಿಸಿ ಪೆಟ್ಟಿಗೆಯೊಳಗೇ ಇಟ್ಟರೆ ವಸ್ತುವೂ ಉಳಿಯಿತು, ಸದ್ದೂ ಉಳಿಯಿತು.

ಈ ಜಗಳ ಬರೀ ಸಂಗ್ರಾಹಕರದ್ದಲ್ಲ. 1997ರಲ್ಲಿ ಇಟಲಿಯ ನಿಕೋಲಾ ಸಾಲ್ಮೋರಿಯಾ ‘ಮೇಮ್’ ಎಂಬ ತಂತ್ರಾಂಶ ಆರಂಭಿಸಿ, ಹಳೆಯ ಆಟಗಳನ್ನು ಕಂಪ್ಯೂಟರಿನಲ್ಲಿ ಮರುಜೀವಗೊಳಿಸುವ ದಾರಿ ತೆರೆದರು. ಚಿಪ್ಪಿನೊಳಗಿನ ಪ್ರೋಗ್ರಾಮನ್ನು ನಕಲು ಮಾಡಬಹುದಿತ್ತು. ಆದರೆ 1978ರ ಜಪಾನಿನ ‘ಸ್ಪೇಸ್ ಇನ್ವೇಡರ್ಸ್’ನಂಥ ಆಟಗಳಲ್ಲಿ ಸದ್ದು ಇದ್ದದ್ದು ಪ್ರೋಗ್ರಾಮಿನಲ್ಲಲ್ಲ, ಬಿಡಿಬಿಡಿ ಟ್ರಾನ್ಸಿಸ್ಟರ್, ರೆಸಿಸ್ಟರುಗಳ ಜೋಡಣೆಯಲ್ಲಿ. ಹಾಗಾಗಿ ಮುದ್ರಿಸಿಕೊಂಡ ಸದ್ದನ್ನೇ ಅದಕ್ಕೆ ಸೇರಿಸಬೇಕಾಯಿತು. ಮುದ್ರಿಸುವ ದಿನ ಮೈಕಿನ ಮುಂದಿನ ಪೆಟ್ಟಿಗೆ ಗುಂಯ್‌ಗುಡುತ್ತಿದ್ದರೆ, ಮೂಲವನ್ನು ಎಂದೂ ಕೇಳದ ಹುಡುಗ ಹುಡುಗಿಯರು ಆ ಗುಂಯ್ಯನ್ನೂ ಆಟದ ಭಾಗವೆಂದೇ ಕೇಳಿಸಿಕೊಳ್ಳುತ್ತಾರೆ.