ಇಪ್ಪತ್ತು ಮಾರು, ಹದಿನೈದು ಮಾರು



ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆಯ ಜನರಿಗೆ ಸಮುದ್ರವೆಂದರೆ ದೂರದ ಮಾತು. ಇಲ್ಲಿಯವರು ಬಲ್ಲ ಹೊಳೆ ಮಲಪ್ರಭೆ. ಬಲ್ಲ ಆಳ ಬಾವಿಯದು. ಆದರೂ ಒಂದು ಕಾಲದಲ್ಲಿ ಈ ಸೀಮೆಯ ಒಕ್ಕಲಿಗರ ಬದುಕು ಕಡಲ ಬಂಡೆಗಳ ನಡುವಣ ಇಕ್ಕಟ್ಟಾದ ದಾರಿಯನ್ನು ನಂಬಿಕೊಂಡಿತ್ತು. ಆ ಇತಿಹಾಸವನ್ನು ನೆನೆಯುವುದು ಇಂದಿನ ನಮ್ಮ ಕುಟುಂಬಗಳಿಗೂ ಹಿತಕರವೆಂದು ನನ್ನ ಭಾವನೆ.

ಎರೆಮಣ್ಣಿನ ಬೆಳೆ, ಬಂದರಿನ ಹೆಸರು

ಹತ್ತೊಂಬತ್ತನೆಯ ಶತಮಾನದಲ್ಲಿ ಬೆಳಗಾವಿ, ಧಾರವಾಡ ಸೀಮೆಯ ನಾಟಿ ಹತ್ತಿಗೆ ವರ್ತಕರು ಇಟ್ಟ ಹೆಸರು ‘ಕುಮಟಾ’. ಕುಮಟೆಯ ತೆಂಗು, ಅಡಿಕೆಗಳ ನಡುವೆ ಈ ಹತ್ತಿ ಬೆಳೆಯುತ್ತಿರಲಿಲ್ಲ. ಎರೆಭೂಮಿಯಲ್ಲಿ ಬೆಳೆದ ಹತ್ತಿ ಎತ್ತಿನ ಗಾಡಿಗಳಲ್ಲಿ ಶಿರಸಿಯನ್ನು ದಾಟಿ, ದೇವಿಮನೆ ಘಟ್ಟವನ್ನಿಳಿದು, ಕುಮಟೆಯಲ್ಲಿ ಹಡಗು ಹತ್ತುತ್ತಿತ್ತು. ಆದ್ದರಿಂದ ಬೆಳೆದವನ ಊರಿನ ಹೆಸರು ಮರೆಯಾಗಿ ಬಂದರಿನ ಹೆಸರು ಉಳಿಯಿತು.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾದಾಗ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ನಿಂತುಹೋಯಿತು. ಎಲ್ಲರ ದೃಷ್ಟಿ ನಮ್ಮ ಸೀಮೆಯ ಮೇಲೆ ಬಿತ್ತು. ಕುಮಟೆಯ ತೀರ ತೆರೆದ ಕಡಲಿಗೆ ಮುಖ ಮಾಡಿದೆ. ಕಾರವಾರದ ಕೊಲ್ಲಿಗಾದರೋ ಗುಡ್ಡದ ಮರೆಯಿದೆ, ಮುಂದೆ ದ್ವೀಪಗಳ ಕಾವಲಿದೆ. ಈ ಬಂದರನ್ನು ಬೆಳೆಸುವ ಉದ್ದೇಶದಿಂದಲೇ 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಲಾಯಿತು.

ದಾರಿ ಹುಡುಕುವ ವಿದ್ಯೆ

ಕಾವಲು ನಿಂತ ದ್ವೀಪಗಳೇ ಅಪಾಯವೂ ಹೌದು. ಕಾರವಾರದ ಮುಂದೆ ದೇವಗಡ, ಕೂರ್ಮಗಡಗಳಿವೆ, ದಕ್ಷಿಣಕ್ಕೆ ಅಂಜದೀವವಿದೆ. ಕಣ್ಣಿಗೆ ಕಾಣುವ ಬಂಡೆ ಹಡಗನ್ನು ಒಡೆಯುವುದು ಅಪರೂಪ. ಒಡೆಯುವುದು ನೀರಿನೊಳಗೆ ಅಡಗಿದ ಬಂಡೆ. ಕಾಳಿ ನದಿಯ ಅಳಿವೆಯಲ್ಲಿ, ಎಂದರೆ ಹೊಳೆ ಕಡಲನ್ನು ಕೂಡುವ ಬಾಯಿಯಲ್ಲಿ, ಮರಳಿನ ದಿಣ್ಣೆಗಳು ಮಳೆಗಾಲ ಕಳೆಯುವಷ್ಟರಲ್ಲಿ ಸ್ಥಳ ಬದಲಿಸಿರುತ್ತವೆ. ಹೋದ ವರ್ಷದ ದಾರಿ ಈ ವರ್ಷದ ದಾರಿಯಲ್ಲ.

ಹಾಗಾದರೆ ನಾವಿಕರು ದಾರಿಯನ್ನು ಆರಿಸುತ್ತಿದ್ದುದು ಹೇಗೆ? ಮೊದಲನೆಯದಾಗಿ, ಅವರು ಕಾಯುತ್ತಿದ್ದರು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಹಾಯಿಹಡಗುಗಳು ಕಡಲಿಗಿಳಿಯುತ್ತಿರಲಿಲ್ಲ. ಮಳೆ ಕಳೆದ ಮೇಲೂ ನಸುಕಿನ ನೆಲಗಾಳಿಯಲ್ಲಿ ಹೊರಟು, ಮಧ್ಯಾಹ್ನದ ಕಡಲಗಾಳಿಯಲ್ಲಿ ಮರಳುತ್ತಿದ್ದರು. ಅಪರಿಚಿತ ಅಳಿವೆಯನ್ನು ನೀರೇರುವ ಹೊತ್ತಿನಲ್ಲಿಯೇ ಪ್ರವೇಶಿಸುವುದು ಜಾಣತನ. ತಳ ತಾಗಿದರೂ ಏರುವ ನೀರು ಹಡಗನ್ನು ಎತ್ತಿಬಿಡುತ್ತದೆ. ಎರಡನೆಯದಾಗಿ, ದಡದ ಎರಡು ಗುರುತುಗಳನ್ನು, ಒಂದು ಗುಡ್ಡದ ತುದಿಯನ್ನೂ ಒಂದು ದ್ವೀಪದ ಅಂಚನ್ನೂ, ಒಂದೇ ಗೆರೆಯಲ್ಲಿ ಹಿಡಿದು ಸಾಗುತ್ತಿದ್ದರು. ಗೆರೆ ತಪ್ಪಿತೆಂದರೆ ದಾರಿ ತಪ್ಪಿತು. 1860ರ ದಶಕದಲ್ಲಿ ದೇವಗಡದ ಮೇಲೆ ದೀಪಸ್ತಂಭ ಬೆಳಗಿದ ಮೇಲೆ ರಾತ್ರಿಗೂ ಒಂದು ಗುರುತು ದೊರೆಯಿತು. ಮೂರನೆಯದಾಗಿ, ಹಗ್ಗದ ತುದಿಗೆ ಸೀಸದ ಗುಂಡು ಕಟ್ಟಿ ನೀರಿಗಿಳಿಸಿ, ಆಳವನ್ನು ಮತ್ತೆ ಮತ್ತೆ ಅಳೆಯುತ್ತಿದ್ದರು. ಬಾವಿಯ ಹಗ್ಗವನ್ನು ನಾವು ತೋಳು ಚಾಚಿ ಮಾರು ಮಾರಾಗಿ ಅಳೆಯುವುದಿಲ್ಲವೇ? ಅದೇ ಅಳತೆ ಅವರದೂ.

ಅಳೆಯದೆ ಹೊರಟವರು

1498ರ ಸೆಪ್ಟೆಂಬರಿನಲ್ಲಿ ವಾಸ್ಕೋ ಡ ಗಾಮ ಅಂಜದೀವದಲ್ಲಿ ತಂಗಿ, ಹಡಗನ್ನು ದುರಸ್ತಿ ಮಾಡಿಸಿ, ನೀರು ತುಂಬಿಸಿಕೊಂಡ. ಬರುವಾಗ ಮಾಲಿಂದಿಯಲ್ಲಿ ದೊರೆತ ಮಾರ್ಗದರ್ಶಿಯ ಮಾತು ಕೇಳಿ, ಸಕಾಲದ ಗಾಳಿಯಲ್ಲಿ, ಸುಮಾರು 23 ದಿನಗಳಲ್ಲಿ ಸಮುದ್ರವನ್ನು ದಾಟಿದ್ದ. ಮರಳುವಾಗ ಈಶಾನ್ಯದ ಗಾಳಿ ನೆಲೆಗೊಳ್ಳುವವರೆಗೆ ಕಾಯದೆ ಅಕ್ಟೋಬರ್ ಆರಂಭದಲ್ಲಿಯೇ ಹೊರಟ. ಅದೇ ಸಮುದ್ರವನ್ನು ದಾಟಲು ಸುಮಾರು ಮೂರು ತಿಂಗಳು ಹಿಡಿಯಿತು. 30ರಷ್ಟು ಜನ ರೋಗದಿಂದ ಸತ್ತರು. 1500ರಲ್ಲಿ ಕಬ್ರಾಲನ ಹಡಗುಗಳೊಡನೆ ಬಂದ ಫ್ರಾನ್ಸಿಸ್ಕನ್ ಗುರುಗಳು ಅದೇ ದ್ವೀಪದಲ್ಲಿ ಬಲಿಪೂಜೆ ಅರ್ಪಿಸಿದರು. ಅದೇ ದಿನಗಳಲ್ಲಿ ಆ ಹಡಗುಗಳು ಮೆಕ್ಕಾದ ವ್ಯಾಪಾರಿ ಹಡಗುಗಳನ್ನು ಹಿಡಿಯಲು ಹೊಂಚಿದ್ದವು ಎಂಬುದನ್ನೂ ನಾವು ಮರೆಮಾಚಬಾರದು. ಹಾಯಿಯ ಮೇಲೆ ಶಿಲುಬೆ ಬರೆದ ಮಾತ್ರಕ್ಕೆ ಹಿಡಿದ ದಾರಿ ಸರಿಯಾಗುವುದಿಲ್ಲ.

ಹತ್ತಿಯ ಕಥೆಗೆ ಮರಳೋಣ. 1862ರಲ್ಲಿ ಮ್ಯಾಂಚೆಸ್ಟರಿನ ಹತ್ತಿ ಕಂಪನಿಯೊಂದು ಕಾರವಾರದ ಬಳಿಯ ಸದಾಶಿವಗಡಕ್ಕೆ ಯಂತ್ರಗಳನ್ನು ಕಳುಹಿಸಿತು. ಅವನ್ನು ಇಳಿಸಲು ಸರಿಯಾದ ಕಟ್ಟೆಯಿರಲಿಲ್ಲ. ಘಟ್ಟವನ್ನೇರುವ ರಸ್ತೆ ಮುಗಿದಿರಲಿಲ್ಲ. ಕಂಪನಿ ಕೆಲವೇ ವರ್ಷಗಳಲ್ಲಿ ಮುಚ್ಚಿತು. ಇತ್ತ ರೈತನ ಮನೆಗೆ ಹಿಂದೆಂದೂ ಕಾಣದ ಬೆಲೆ ಬಂದಿತ್ತು. ಬೆಲೆ ಏರುತ್ತಲೇ ಇರುವುದೆಂದು ನಂಬಿ ಸಾಲ ಮಾಡಿದವರಿದ್ದರು, ಸಾಲ ಕೊಟ್ಟವರೂ ಇದ್ದರು. 1865ರಲ್ಲಿ ಯುದ್ಧ ನಿಂತಿತು, ಬೆಲೆ ಕುಸಿಯಿತು, ಸಾಲ ಮಾತ್ರ ಉಳಿಯಿತು. ಮುಂದೆ 1880ರ ದಶಕದಲ್ಲಿ ರೈಲು ನಮ್ಮ ಸೀಮೆಯನ್ನು ಮರ್ಮಗೋವಾ ಬಂದರಿಗೆ ಜೋಡಿಸಿದಾಗ ಕುಮಟೆ, ಕಾರವಾರಗಳ ಹತ್ತಿ ವ್ಯಾಪಾರವೂ ಇಳಿಯಿತು.

ಸಂತ ಪೌಲರ ಹಡಗು

ಪ್ರೇಷಿತರ ಕಾರ್ಯಕಲಾಪಗಳ 27ನೆಯ ಅಧ್ಯಾಯವನ್ನು ಈ ಹಿನ್ನೆಲೆಯಲ್ಲಿ ಓದಿರಿ. ಕ್ರೇಟ್ ದ್ವೀಪದ ರೇವಿನಲ್ಲಿ ಹಡಗು ನಿಂತಿದೆ. ಪ್ರಯಾಣದ ಕಾಲ ಮೀರಿದೆ. ಮುಂದೆ ಹೋಗುವುದು ಬೇಡವೆಂದು ಕೈದಿಯಾದ ಪೌಲರು ಎಚ್ಚರಿಸುತ್ತಾರೆ. ಶತಾಧಿಪತಿ ನಂಬಿದ್ದು ನಾವಿಕನನ್ನೂ ಹಡಗಿನ ಒಡೆಯನನ್ನೂ. ಅಷ್ಟರಲ್ಲಿ ದಕ್ಷಿಣದಿಂದ ತಂಗಾಳಿ ಬೀಸಿತು. ಎಣಿಸಿದ್ದು ಕೈಗೂಡಿತೆಂದು ಎಲ್ಲರೂ ಹಿಗ್ಗಿದರು. ಅವರನ್ನು ಮೋಸಗೊಳಿಸಿದ್ದು ಬಿರುಗಾಳಿಯಲ್ಲ, ಆ ತಂಗಾಳಿ.

ಹದಿನಾಲ್ಕನೆಯ ರಾತ್ರಿ, ಕತ್ತಲಲ್ಲಿ, ನಾವಿಕರು ಗುಂಡಿಳಿಸಿ ನೋಡಿದರು: ಇಪ್ಪತ್ತು ಮಾರು. ಸ್ವಲ್ಪ ಮುಂದೆ ಹೋಗಿ ಮತ್ತೆ ನೋಡಿದರು: ಹದಿನೈದು ಮಾರು. ಬಂಡೆಗಳು ಹತ್ತಿರದಲ್ಲಿವೆಯೆಂದು ಅರಿತು, ನಾಲ್ಕು ಲಂಗರು ಹಾಕಿ, ಬೆಳಗಾಗಲೆಂದು ಪ್ರಾರ್ಥಿಸಿದರು. ಕೆಲವರು ದೋಣಿಯಿಳಿಸಿ ಗುಟ್ಟಾಗಿ ಪಾರಾಗಲು ನೋಡಿದಾಗ, ಇವರು ಹಡಗಿನಲ್ಲಿ ಉಳಿಯದಿದ್ದರೆ ನೀವಾರೂ ಬದುಕಲಾರಿರಿ ಎಂದು ಪೌಲರು ಶತಾಧಿಪತಿಗೂ ಸೈನಿಕರಿಗೂ ತಿಳಿಸಿದರು. ಮರುದಿನ ಹಡಗು ಒಡೆಯಿತು. ಆದರೆ 276 ಮಂದಿಯೂ ಮಾಲ್ಟದ ದಡ ಸೇರಿದರು.

ನಮ್ಮ ಮನೆಯ ಹಗ್ಗ

ಪ್ರಿಯರೇ, ಇಂದು ನಮ್ಮ ಮನೆಗಳ ಮುಂದೆಯೂ ತಂಗಾಳಿ ಬೀಸುತ್ತದೆ. ಸುಲಭವಾಗಿ ದೊರೆಯುವ ಸಾಲ, ಒಂದೇ ಬೆಳೆಯ ಮೇಲಿನ ಆಸೆ, ನೆರೆಯವರಿಗೆ ಸಮನಾಗಿ ಮಾಡಬೇಕೆಂಬ ಮದುವೆ, ಕಾಣದ ಊರಿನಲ್ಲಿ ಮಗನಿಗೆ ಕೆಲಸ ಕೊಡಿಸುವೆನೆಂಬ ಮಧ್ಯವರ್ತಿಯ ಮಾತು. ಇವೆಲ್ಲವೂ ಕೆಟ್ಟವೆಂದು ನಾನು ಹೇಳುತ್ತಿಲ್ಲ. ಹಡಗು ಸದಾ ಬಂದರಿನಲ್ಲಿಯೇ ನಿಂತರೆ ಹತ್ತಿ ಕೊಳೆಯುತ್ತದೆ. ಆದರೆ ಹೊರಡುವ ಮುನ್ನ ಹಗ್ಗ ಇಳಿಸಿ ನೋಡಿರಿ. ಹೋದ ವರ್ಷ ಕೈಯಲ್ಲಿ ಉಳಿದುದೆಷ್ಟು, ಈ ವರ್ಷ ಎಷ್ಟು? ಇಪ್ಪತ್ತು ಹದಿನೈದಾಗಿದ್ದರೆ ನಿಲ್ಲಿರಿ. ನಿಲ್ಲುವುದು ಹೇಡಿತನವಲ್ಲ, ಆ ರಾತ್ರಿ ಜನರನ್ನು ಉಳಿಸಿದುದರಲ್ಲಿ ಲಂಗರಿನ ಪಾಲೂ ಇತ್ತು.

ಸಲಹೆ ಕೇಳುವಾಗ ಹಡಗಿನ ಒಡೆಯನನ್ನಷ್ಟೇ ಕೇಳಬೇಡಿ. ಅವನಿಗೆ ಸರಕಿನ ಚಿಂತೆಯಿರುತ್ತದೆ. ಮನೆಯ ಮೂಲೆಯಲ್ಲಿ ಕುಳಿತ ಅಜ್ಜಿಯ ಮಾತನ್ನು, ಖರ್ಚಿನ ಲೆಕ್ಕವನ್ನು ನೆನಪಿನಲ್ಲಿಟ್ಟಿರುವ ತಾಯಿಯ ಮಾತನ್ನು ಕೇಳಿರಿ. ದೇವರು ಅಂದು ಮಾತನಾಡಿದ್ದು ಒಬ್ಬ ಕೈದಿಯ ಬಾಯಿಂದ. ಕಷ್ಟ ಬಂದಾಗ ದೋಣಿಯಿಳಿಸಿ ಒಬ್ಬರೇ ಪಾರಾಗಲು ನೋಡಬೇಡಿ. ಹಡಗು ಹೋದರೂ ಚಿಂತೆಯಿಲ್ಲ, ಮನೆಯವರೆಲ್ಲರೂ ದಡ ಸೇರುವಂತಾಗಲಿ.