ಅರವತ್ತು ದಾಟಿದವರಿಗೆ ಜೊತೆಗಾರರ ಹುಡುಕಾಟ: ‘ಉಚಿತ’ ವೆಬ್‌ಸೈಟ್ ನಂಬುವ ಮುನ್ನ ಏನೇನು ನೋಡಬೇಕು?

ಕುಂದೂರು: ಕತ್ತಲಾಯ್ತೆಂದರೆ ಕಾಡಾನೆ ಭಯಕ್ಕೆ ತೋಟದ ದಾರಿಯಲ್ಲಿ ಜನ ಓಡಾಡಲ್ಲ. ಮಕ್ಕಳು ಬೆಂಗಳೂರು ಸೇರಿದ ಮನೆಗಳಲ್ಲಿ, ಸಂಗಾತಿಯನ್ನು ಕಳೆದುಕೊಂಡ ಹಿರಿಯರಿಗೆ ಮಾತಿಗೆ ಉಳಿಯುವುದು ಟಿವಿ, ಮೊಬೈಲ್ ಅಷ್ಟೇ. ಅದೇ ಮೊಬೈಲ್‌ಗೆ ‘50 ದಾಟಿದವರಿಗೆ ಸಂಗಾತಿ, ನೋಂದಣಿ ಉಚಿತ’ ಎಂಬ ಜಾಹೀರಾತೂ ಬರುತ್ತದೆ. ಒತ್ತಬೇಕೋ ಬೇಡವೋ ಎಂದು ಯಾರನ್ನಾದರೂ ಕೇಳೋಣವೆಂದರೆ ನಾಚಿಕೆ. ಅಂಥವರಿಗಾಗಿ ಇಲ್ಲಿದೆ ಮಾಹಿತಿ.

ಇದು ಹೊಸದೇನಲ್ಲ

2021ರಲ್ಲಿ ಮೈಸೂರಿನ 73 ವರ್ಷದ ನಿವೃತ್ತ ಶಿಕ್ಷಕಿಯೊಬ್ಬರು ವರ ಬೇಕೆಂದು ಜಾಹೀರಾತು ಕೊಟ್ಟ ಸುದ್ದಿ ರಾಜ್ಯದಾದ್ಯಂತ ಚರ್ಚೆಯಾಗಿತ್ತು. ಒಂಟಿತನದ ಭಯವೇ ಅದಕ್ಕೆ ಕಾರಣವಾಗಿತ್ತು. 69 ವರ್ಷದ ನಿವೃತ್ತ ಎಂಜಿನಿಯರ್ ಒಬ್ಬರು ಅದಕ್ಕೆ ಸ್ಪಂದಿಸಿದ್ದೂ ವರದಿಯಾಯಿತು. ಅಹಮದಾಬಾದ್‌ನ ಅನುಬಂಧ ಫೌಂಡೇಷನ್, ಹೈದರಾಬಾದ್‌ನ ತೋಡು ನೀಡ ಸಂಸ್ಥೆಗಳು ಹಿರಿಯರಿಗಾಗಿಯೇ ಮುಖಾಮುಖಿ ಪರಿಚಯ ಸಭೆ ನಡೆಸುತ್ತಾ ಬಂದಿವೆ.

‘ಉಚಿತ’ ಅಂದರೆ ಎಷ್ಟು ಉಚಿತ?

ಕನ್ನಡ ಮ್ಯಾಟ್ರಿಮೊನಿ, ಶಾದಿ ಡಾಟ್ ಕಾಮ್‌ನಂಥ ತಾಣಗಳಲ್ಲಿ ಹೆಸರು ನೋಂದಾಯಿಸುವುದು, ಫೋಟೊ ಹಾಕುವುದು, ಆಸಕ್ತಿ ತಿಳಿಸುವುದು ಉಚಿತ. ಎದುರಿನವರ ಫೋನ್ ನಂಬರ್ ಬೇಕೆಂದರೆ ಸಾಮಾನ್ಯವಾಗಿ ದುಡ್ಡು ಕಟ್ಟಬೇಕು. ಆದ್ದರಿಂದ ಮೊದಲು ಪುಕ್ಕಟೆಯಾಗಿ ಹುಡುಕಿ ನೋಡಿ. ವಯಸ್ಸು 55ರಿಂದ 70, ‘ವಿಧುರ/ವಿಧವೆ/ವಿಚ್ಛೇದಿತ’, ಹಾಸನ ಜಿಲ್ಲೆ ಅಥವಾ ಅಕ್ಕಪಕ್ಕದ ಚಿಕ್ಕಮಗಳೂರು, ಕೊಡಗು, ಮೈಸೂರು ಎಂದು ಆಯ್ಕೆ ಕೊಡಿ. ನಿಮಗೆ ಹೊಂದುವವರು ನಾಲ್ಕು ಜನವೂ ಕಾಣದಿದ್ದರೆ ಅಲ್ಲಿ ದುಡ್ಡು ಕಟ್ಟಿ ಪ್ರಯೋಜನವಿಲ್ಲ. ಅವರ್‌ಟೈಮ್, ಸಿಲ್ವರ್‌ಸಿಂಗಲ್ಸ್ ಹಿರಿಯರಿಗಾಗಿಯೇ ಇರುವ ತಾಣಗಳಾದರೂ ಅವು ನಡೆಯುವುದು ಮುಖ್ಯವಾಗಿ ಪಾಶ್ಚಾತ್ಯ ದೇಶಗಳಲ್ಲಿ. ನಮ್ಮ ಕಡೆಯವರಿಗೆ ಅವುಗಳಿಂದ ಉಪಯೋಗ ಕಡಿಮೆ.

ಡೇಟಿಂಗ್ ಆಪ್‌ಗೂ ಮದುವೆ ತಾಣಕ್ಕೂ ವ್ಯತ್ಯಾಸವಿದೆ. ಮದುವೆ ತಾಣಗಳಿಗೆ ಕೇಂದ್ರ ಸರ್ಕಾರ 2016ರಲ್ಲಿ ಸೂಚನೆ ಹೊರಡಿಸಿದೆ. ಅದರಂತೆ ತಾಣ ಇರುವುದು ಮದುವೆಗೆ ಮಾತ್ರ ಎಂದು ಸ್ಪಷ್ಟಪಡಿಸಬೇಕು, ದೂರು ಕೇಳಲು ಒಬ್ಬ ಅಧಿಕಾರಿ ಇರಬೇಕು. ಆ ಅಧಿಕಾರಿಯ ವಿವರವೇ ಇಲ್ಲದ ತಾಣವಾದರೆ ಅಲ್ಲಿಗೇ ಬಿಟ್ಟುಬಿಡಿ.

ಇಂಥವರು ಸಿಕ್ಕರೆ ಹುಷಾರ್

* ವಿದೇಶದ ಡಾಕ್ಟರ್, ಹಡಗಿನ ಕ್ಯಾಪ್ಟನ್, ಸೇನಾಧಿಕಾರಿ ಎನ್ನುವವರು, ವಾರದೊಳಗೇ ಮದುವೆ ಮಾತು ಎತ್ತುವವರು.
* ‘ನಿಮಗೆ ಉಡುಗೊರೆ ಕಳಿಸಿದ್ದೇನೆ, ಏರ್‌ಪೋರ್ಟ್‌ನಲ್ಲಿ ಕಸ್ಟಮ್ಸ್ ಹಿಡಿದಿದ್ದಾರೆ, ದಂಡ ಕಟ್ಟಿ’ ಎನ್ನುವವರು.
* ವಿಡಿಯೊ ಕಾಲ್ ಎಂದರೆ ನೆಪ ಹೇಳಿ ತಪ್ಪಿಸಿಕೊಳ್ಳುವವರು. ಅಥವಾ ಮೊದಲ ಕಾಲ್‌ನಲ್ಲೇ ಬಟ್ಟೆ ತೆಗೆಯಿರಿ ಎನ್ನುವವರು.
* ಷೇರು, ಕ್ರಿಪ್ಟೊದಲ್ಲಿ ದುಡ್ಡು ದುಪ್ಪಟ್ಟು ಮಾಡಿಕೊಡ್ತೀನಿ ಎನ್ನುವವರು.

ತೋಟ ಎಷ್ಟು ಎಕರೆ, ಈ ಸಲ ಕಾಫಿ ಎಷ್ಟು ಮೂಟೆ ಆಯ್ತು, ಯಾವ ಬ್ಯಾಂಕ್ ಎಂಬುದನ್ನೆಲ್ಲ ಪ್ರೊಫೈಲ್‌ನಲ್ಲಿ ಬರೆಯಬೇಡಿ. ಮೊದಲ ಭೇಟಿ ಹಗಲು ಹೊತ್ತಿನಲ್ಲಿ, ಜನ ಇರುವ ಕಡೆ ಇರಲಿ. ಸಕಲೇಶಪುರದ ಹೋಟೆಲ್ ಆಗಬಹುದು, ಹೊಸಕೋಟೆ ಕೆಂಚಾಂಬ ದೇವಸ್ಥಾನವೂ ಆಗಬಹುದು. ಎಲ್ಲಿಗೆ ಹೋಗುತ್ತೀರೆಂದು ಒಬ್ಬರಿಗಾದರೂ ತಿಳಿಸಿ.

ಅಂಗಡಿಯವರ ಗಮನಕ್ಕೆ

ರೀಚಾರ್ಜ್, ಮೊಬೈಲ್ ಅಂಗಡಿಯವರನ್ನೇ ನಂಬಿ ಫೋನ್ ಕೊಡುವ ಹಿರಿಯರು ಬಹಳ. ನೋಂದಣಿ ಮಾಡಿಕೊಡುವಾಗ ಅವರದೇ ನಂಬರ್ ಹಾಕಿ, ಪಾಸ್‌ವರ್ಡ್ ಅವರ ಕೈಯಲ್ಲೇ ಒತ್ತಿಸಿ. ದುಡ್ಡು ಬರಬೇಕಾದರೆ ಯುಪಿಐ ಪಿನ್ ಹಾಕಬೇಕಿಲ್ಲ ಎಂದು ತಿಳಿಸಿಹೇಳಿ. ಪರಿಚಯವಿಲ್ಲದ ಖಾತೆಗೆ ಪದೇ ಪದೇ ದುಡ್ಡು ಹಾಕಿಸಲು ಬಂದರೆ ‘ಯಾರಿಗೆ ಅಜ್ಜ? ಅವರನ್ನ ಕಣ್ಣಾರೆ ನೋಡಿದ್ದೀರಾ?’ ಎಂದು ಒಂದು ಮಾತು ಕೇಳಿ. ಅವರ ವಿಷಯ ಊರಿಗೆಲ್ಲ ಹೇಳಬೇಡಿ. ನಾಲ್ಕು ಜನ ನಗ್ತಾರೆ ಅನ್ನೋ ಭಯಕ್ಕೇ ಮೋಸಹೋದವರು ಬಾಯಿ ಬಿಡಲ್ಲ.

ಮದುವೆ, ಪಿಂಚಣಿ, ಆಸ್ತಿ

ಮನೆಯಲ್ಲಿ ಜಗಳ ಶುರುವಾಗುವುದು ಹೆಚ್ಚಾಗಿ ಆಸ್ತಿ ವಿಷಯಕ್ಕೆ. ಹಿಂದೂ ಉತ್ತರಾಧಿಕಾರ ಕಾಯ್ದೆ 1956ರ ಪ್ರಕಾರ, ಉಯಿಲು ಬರೆಯದೆ ಗಂಡ ತೀರಿಕೊಂಡರೆ ಕಾನೂನುಬದ್ಧವಾಗಿ ಮರುಮದುವೆಯಾದ ಹೆಂಡತಿಗೂ ಮಕ್ಕಳಷ್ಟೇ ಪಾಲು ಸಿಗುತ್ತದೆ. ಸ್ವಂತ ಸಂಪಾದನೆಯ ಆಸ್ತಿಗೆ ಮೊದಲೇ ಉಯಿಲು ಬರೆದು, ಮಕ್ಕಳನ್ನು ಕೂರಿಸಿ ಮಾತಾಡಿದರೆ ಅರ್ಧ ಗಲಾಟೆ ಕಡಿಮೆ.

ವಿಧವಾ ವೇತನ ಮರುಮದುವೆಯಾದರೆ ನಿಲ್ಲುತ್ತದೆ. ಕುಟುಂಬ ಪಿಂಚಣಿ ಪಡೆಯುವವರು ದಿನಾಂಕ ಗೊತ್ತು ಮಾಡುವ ಮುನ್ನ ಸಂಬಂಧಪಟ್ಟ ಇಲಾಖೆಯಲ್ಲಿ ವಿಚಾರಿಸಬೇಕು. ವಿಶೇಷ ವಿವಾಹ ಕಾಯ್ದೆ 1954ರಡಿ ಮದುವೆಯಾಗುವವರು 30 ದಿನ ಮೊದಲು ನೋಟಿಸ್ ಕೊಡಬೇಕು, ಮೂವರು ಸಾಕ್ಷಿ ಬೇಕು. ಮೊದಲ ಸಂಗಾತಿಯ ಮರಣ ಪ್ರಮಾಣಪತ್ರ ಅಥವಾ ವಿಚ್ಛೇದನದ ಆದೇಶ ಕೈಯಲ್ಲಿರಲಿ. ಎದುರಿನವರದ್ದನ್ನೂ ಕೇಳಿ ನೋಡಿ, ಅದಕ್ಕೆ ಸಂಕೋಚ ಬೇಡ.

ಮೋಸವಾದರೆ

ತಡ ಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕ್‌ಗೂ ತಿಳಿಸಿ. ಬೇಗ ಹೇಳಿದಷ್ಟೂ ದುಡ್ಡು ತಡೆಹಿಡಿಯುವ ಸಾಧ್ಯತೆ ಹೆಚ್ಚು. ಮೆಸೇಜ್, ಫೋಟೊ, ದುಡ್ಡು ಕಳಿಸಿದ ರಸೀದಿ ಅಳಿಸಬೇಡಿ. ಹಿರಿಯ ನಾಗರಿಕರ ಸಹಾಯವಾಣಿ 14567. ಈ ಎರಡು ನಂಬರ್‌ಗಳನ್ನು ಅಂಗಡಿಯ ಗೋಡೆ ಮೇಲೆ ದಪ್ಪಕ್ಷರದಲ್ಲಿ ಬರೆದು ಅಂಟಿಸಿದರೆ ಯಾರಿಗಾದರೂ ಉಪಯೋಗಕ್ಕೆ ಬರುತ್ತದೆ.